ಆಣೆ ಮಾಡಿಸಲಾರದ ಪೇಶ್‌ಕಾರ

ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಮುನ್ಸಿಫ್ ಕೋರ್ಟಿಗೆ ಬರುವ ಸುಳ್ಳು ಸಾಕ್ಷಿಗಳು ಯಾರಿಗೆ ಹೆದರುತ್ತಿದ್ದರು? ಮುನ್ಸಿಫರಿಗಲ್ಲ, ಬಾಗಿಲಲ್ಲಿ ನಿಂತ ಪೊಲೀಸನಿಗೂ ಅಲ್ಲ. ಹಣೆ ತುಂಬ ವಿಭೂತಿ ಧರಿಸಿದ, ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟದ ನಮ್ಮ ಸೋದರಮಾವನಿಗೆ!

ಮಾವ ಅಲ್ಲಿ ಪೇಶ್‌ಕಾರ. ಮೊಕದ್ದಮೆಗಳನ್ನು ಕೂಗಿಸುವುದು, ಮುನ್ಸಿಫರ ಮುಂದೆ ಕಾಗದ ಇಡುವುದು, ಸಾಕ್ಷಿಗಳಿಂದ ದೇವರ ಮೇಲೆ ಆಣೆ ಮಾಡಿಸುವುದು ಅವರ ಕೆಲಸ. ನಾನು ಅದೇ ಕೋರ್ಟಿನಲ್ಲಿ ನಕಲು ಬರೆಯುವ ಗುಮಾಸ್ತ. ಆದ್ದರಿಂದ ಇದೆಲ್ಲ ಕಣ್ಣಾರೆ ಕಂಡದ್ದು. ಮೊದಲೆರಡು ಕೆಲಸದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಮೂರನೆಯದಕ್ಕೆ ಬಂದರೆ ಮಾವ ಹಿಂಜರಿಯುತ್ತಿದ್ದರು. ಆಣೆ ಮಾಡಿ ಸುಳ್ಳು ಹೇಳಿದರೆ ಅರ್ಧ ಪಾಪ ಆಣೆ ಮಾಡಿಸಿದವನಿಗೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಕೋರ್ಟಿನಲ್ಲಿ ಕೂತು ಹೀಗೆ ನಂಬಿದರೆ ಮನುಷ್ಯ ಬದುಕುವುದು ಹೇಗೆ?

ಅದಕ್ಕೇ ಸಾಕ್ಷಿಗಳನ್ನು ಮೊದಲೇ ಹೊರಗಿನ ಬೇವಿನ ಮರದ ಕೆಳಗೆ ವಿಚಾರಿಸಿಕೊಳ್ಳುತ್ತಿದ್ದರು. ಒಮ್ಮೆ ಎತ್ತಿನ ಜಗಳವೊಂದರಲ್ಲಿ ಸಾಕ್ಷಿ ಹೇಳಲು ಗೊರೇಬಾಳದವನೊಬ್ಬ ಬಂದಿದ್ದ.

“ಆ ಎತ್ತು ಯಾರದಂತ ನಿನಗ ಗೊತ್ತೈತೇನು?” ಎಂದರು ಮಾವ.

“ಎತ್ತೇ ನೋಡಿಲ್ರೀ ಸಾಹೇಬ್ರ. ಗೌಡ್ರು ಹೇಳಂದಾರ, ಹೇಳಾಕ ಬಂದೀನಿ.”

“ಮಕ್ಳು ಎಷ್ಟು?”

“ನಾಕು ಅದಾವ್ರಿ.”

“ನಾಕು ಮಕ್ಳ ಅಪ್ಪ ಅದೀ. ಸುಳ್ಳಾಣಿ ಮಾಡಿದ್ರ ಪಾಪ ಅವ್ರಿಗೂ ತಟ್ಟತೈತಿ. ಸುಮ್ನ ಮನೀಗಿ ಹೋಗಿ ಉಂಡು ಮಕ್ಕೊ.”

ವಕೀಲರು ಮೂರು ಸಲ ಕೂಗಿಸಿದರು. ಸಾಕ್ಷಿ ಅಷ್ಟೊತ್ತಿಗೆ ತನ್ನೂರಿನ ದಾರಿ ಹಿಡಿದಿದ್ದ.

ಕಣ್ಣು ತಪ್ಪಿಸಿ ಒಳಹೊಕ್ಕ ಸುಳ್ಳುಗಳಿಗೆ ಮನೆಯಲ್ಲಿ ಪ್ರಾಯಶ್ಚಿತ್ತ. ಒಂದು ಸುಳ್ಳಿಗೆ ಒಂದು ರೊಟ್ಟಿ ಬಿಡುವುದು! ಅತ್ತೆ ಒಲೆಯ ಮುಂದೆ ಕೂತು, “ಇವತ್ತು ಎಷ್ಟು ಸುಳ್ರೀ?” ಎಂದು ಕೇಳಿಯೇ ಹಿಟ್ಟು ನಾದುತ್ತಿದ್ದರು. ಹೊಲದ ಮೊಕದ್ದಮೆಗಳು ನಡೆದ ವಾರ ಮಾವನ ಅಂಗಿ ಗೂಟಕ್ಕೆ ತೂಗುಹಾಕಿದ ಹಾಗೆ ಕಾಣುತ್ತಿತ್ತು.

ನಾವೆಲ್ಲ ನಗುತ್ತಿದ್ದೆವು. ಆ ನಗು ಒಂದು ದಿನ ನಿಂತಿತು. ಮಸ್ಕಿಯ ವಿಧವೆಯೊಬ್ಬಳ ಹೊಲವನ್ನು ಅವಳ ಮೈದುನ ತನ್ನದೆಂದು ಹಟ ಹಿಡಿದಿದ್ದ. ಅವಳ ಪರವಾಗಿ ಇದ್ದದ್ದು ಒಬ್ಬನೇ ಸಾಕ್ಷಿ, ಒಬ್ಬ ಮುದುಕ ಕುಂಬಾರ. ಮಾವ ಬೇವಿನ ಕೆಳಗೆ ಸುಳ್ಳು ಆಣೆಯ ಪಾಪವನ್ನು ಬಣ್ಣಿಸಿದ್ದೇ ತಡ, ನಿಜ ಹೇಳಲೆಂದೇ ಬಂದಿದ್ದ ಆ ಪುಕ್ಕಲ ಮುದುಕ ಮಾತಿನಲ್ಲಿ ಎಲ್ಲಿ ತಪ್ಪಿಬಿಟ್ಟೇನೋ ಎಂದು ಹೆದರಿ ಊರಿಗೆ ಓಡಿಹೋದ. ಆ ಹೆಣ್ಣುಮಗಳು ಖಾಲಿ ಕಟಕಟೆಯನ್ನೇ ನೋಡುತ್ತ ನಿಂತಳು.

ಮುನ್ಸಿಫರು ವಿಚಾರಣೆಯನ್ನು ಎಂಟು ದಿನ ಮುಂದೆ ಹಾಕಿ ಮಾವನನ್ನು ತಮ್ಮ ಕೋಣೆಗೆ ಕರೆಸಿದರು. ಅವರು ಹೈದರಾಬಾದಿನ ಹಿರಿಯರು, ಐದು ಹೊತ್ತಿನ ನಮಾಜು ತಪ್ಪಿಸದವರು. ಕಾಗದ ಹಿಡಿದು ನಾನೂ ಅಲ್ಲೇ ಇದ್ದೆ. ಮಾವ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿ, ನೌಕರಿ ಬಿಡುತ್ತೇನೆ, ಇಸ್ತೀಫಾ ಬರೆದುಕೊಡುತ್ತೇನೆ ಎಂದರು.

“ಪೇಶ್‌ಕಾರ್ ಸಾಬ್, ನಿಮ್ಮ ಪುಣ್ಯ ಉಳಿಯಾಕ ಆಕಿ ಹೊಲ ಹೋಗಬೇಕೇನು?” ಎಂದರು ಮುನ್ಸಿಫರು.

ಇಸ್ತೀಫಾ ಬರೆಯಲು ಮಾವ ನನ್ನ ಕೈಯಲ್ಲಿದ್ದ ಕಾಗದಕ್ಕೆ ಕೈ ಚಾಚಿದರು, ಮುನ್ಸಿಫರು ತಡೆದರು.

“ಇಸ್ತೀಫಾ ಬ್ಯಾಡ. ಇನ್ನ ಮ್ಯಾಲೆ ಆಣಿ ನಾ ಮಾಡಸ್ತೀನಿ. ಪಾಪ ಇದ್ರ ನನಗ ಬರಲಿ. ನನ್ನ ಅಲ್ಲಾಹನ ಮುಂದ ನಾ ಜವಾಬು ಹೇಳ್ತೀನಿ.”

ಮಾವನಿಗೆ ಇನ್ನೇನು ಬೇಕಿತ್ತು? ಹೊರೆ ಇಳಿದಿತ್ತು, ನೌಕರಿಯೂ ಉಳಿದಿತ್ತು. ಆದರೆ ಅವರ ಮುಖ ಮಾತ್ರ ಇನ್ನಷ್ಟು ಬಾಡಿತು. ಶುಕ್ರವಾರ ಕೋರ್ಟಿಗೆ ರಜೆ. ಅಂದು ಬಂಡಿ ಕಟ್ಟಿಸಿಕೊಂಡು ತಾವೇ ಮಸ್ಕಿಗೆ ಹೋಗಿ, ಕುಂಬಾರನ ಅಂಗಳದಲ್ಲಿ ಕೂತು, ತಪ್ಪಾಯಿತೆಂದು ಕೇಳಿಕೊಂಡು, ಮುದುಕನನ್ನು ಒಪ್ಪಿಸಿ ಬಂದರು.

ವಿಚಾರಣೆಯ ದಿನ ಕುಂಬಾರ ಕಟಕಟೆ ಹತ್ತಿದ. ಮುನ್ಸಿಫರು ಆಣೆ ಮಾಡಿಸಲು ಬಾಯಿ ತೆರೆಯುವಷ್ಟರಲ್ಲಿ ಮಾವ ಎದ್ದು ನಿಂತರು.

“ಬ್ಯಾಡ್ರಿ ಹುಜೂರ್. ನಿಮ್ಮಂಥಾವ್ರ ಮ್ಯಾಲೆ ಪಾಪ ಹಾಕಿ ನಾ ಹ್ಯಾಂಗ ಲಿಂಗದ ಮುಂದ ಕೂಡ್ಲಿ? ಅದು ನನಗ ಇರಲಿ.”

ಆ ಸಾಕ್ಷಿಯಿಂದಲೇ ಹೊಲ ಆಕೆಗೆ ಉಳಿಯಿತು. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಬೇರೆ. ಮಾವ ಕಟಕಟೆಯ ಹತ್ತಿರ ಹೋಗಿ ಆಣೆಯ ಒಂದೊಂದೇ ಮಾತು ಹೇಳಿಕೊಟ್ಟರು. ಮುದುಕ ಒಂದೊಂದು ಮಾತಿಗೂ ಬಾಗಿಲ ಕಡೆ ನೋಡುತ್ತಿದ್ದ. ಮಾವ ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಪೇಶ್‌ಕಾರ ಸಾಕ್ಷಿಯ ಕೈ ಹಿಡಿದು ನಿಲ್ಲಬಹುದೆಂದು ಯಾವ ಕಾಯಿದೆಯಲ್ಲೂ ಇರಲಿಲ್ಲ. ಮುದುಕ ತಾನು ಕಂಡದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಮುನ್ಸಿಫರು ಮುಂದಿದ್ದ ಕಾಗದದಿಂದ ತಲೆ ಎತ್ತಲಿಲ್ಲ.