ಕಲ್ಲು ಕಾಯಿಸುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಕಲ್ಲು ಕಾಯಿಸಿದರು, ಹಾಲು ಕಾಯಿಸಲು ಮಾತ್ರ ಕಲಿಯಲಿಲ್ಲ. ಕಲ್ಲನ್ನಾದರೂ ನಿಜವಾಗಿ ಕಾಯಿಸಿದರೇ ಎಂದರೆ ಅದೂ ಇಲ್ಲ! ಎಲ್ಲವೂ ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಕೆಲವು ಹರಳುಗಳು ವರ್ಷಗಟ್ಟಲೆ ತಮ್ಮ ಮೇಲೆ ಬಿದ್ದ ವಿಕಿರಣದ ಶಕ್ತಿಯನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತವಂತೆ. ಬಿಸಿ ಮಾಡಿದರೆ ಅದನ್ನು ಬೆಳಕಾಗಿ ಬಿಟ್ಟುಕೊಡುತ್ತವಂತೆ. ಎಷ್ಟು ಡಿಗ್ರಿಗೆ ಎಷ್ಟು ಬೆಳಕು ಎಂದು ಲೆಕ್ಕ ಹಾಕುವುದೇ ಇವರ ಕಸುಬು. ಆ ಬೆಳಕನ್ನು ಕಣ್ಣಾರೆ ನೋಡಿದ್ದೀರಾ ಎಂದು ಕೇಳಿದರೆ, "ಅದು ಲ್ಯಾಬಿನವರ ಕೆಲಸ ಕಣೋ" ಎನ್ನುತ್ತಿದ್ದರು.

ಗಂಗಾನಗರದ ಮನೆಯಲ್ಲಿ ಚಿಕ್ಕಮ್ಮ ಸ್ನಾನಕ್ಕೆ ಹೋಗುವಾಗ "ರೀ, ಹಾಲು ನೋಡ್ಕೊಳ್ರೀ" ಎಂದರೆ ಇವರು ನಿಷ್ಠೆಯಿಂದ ನೋಡುತ್ತಿದ್ದರು. ಉಕ್ಕಿ ಹರಿದದ್ದನ್ನೂ ನೋಡುತ್ತಿದ್ದರು! "ಆಫ್ ಮಾಡಿ ಅಂತ ನೀನು ಹೇಳ್ಲೇ ಇಲ್ವಲ್ಲೇ" ಎಂಬುದು ಸಮಜಾಯಿಷಿ.

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಹೆಬ್ಬಾಳದ ಫ್ಲೈಓವರಿನಲ್ಲಿ ವಾಹನಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಒಮ್ಮೆ ನಮ್ಮ ಆಟೋ ಅಲ್ಲಿ ಸಿಕ್ಕಿಕೊಂಡಾಗ ಚಿಕ್ಕಪ್ಪನಿಗೆ ಎಲ್ಲಿಲ್ಲದ ಖುಷಿ. "ನೋಡೋ, ಹರಳಲ್ಲಿ ಎಲೆಕ್ಟ್ರಾನ್‌ಗಳು ಹಿಂಗೇ ಸಿಕ್ಕಾಕ್ಕೊಂಡಿರ್ತವೆ. ಬಿಸಿ ಆದ್ರೆ ಬಿಡಿಸ್ಕೊಂಡು ಓಡ್ತವೆ." ಆಟೋದವನು ಹಿಂದಕ್ಕೆ ತಿರುಗಿ, "ಸಾರ್, ನಂಗೆ ಬೆಳಿಗ್ಗೆಯಿಂದ ಬಿಸಿ ಆಗೇ ಇದೆ. ಓಡಕ್ಕೆ ಜಾಗ ಎಲ್ಲಿದೆ?" ಎಂದ.

ಚಿಕ್ಕಮ್ಮ ತೀರಿಕೊಂಡ ದಿನ ಚಿಕ್ಕಪ್ಪ ಅಳಲಿಲ್ಲ. ವೈಕುಂಠ ಸಮಾರಾಧನೆಯ ದಿನವೂ ಅಳಲಿಲ್ಲ. ಬಂದ ನೆಂಟರು ಗುಸುಗುಸು ಮಾತಾಡಿಕೊಂಡರು. ಮಕ್ಕಳಿಲ್ಲದ ಮನೆ, ನಾನೇ ಪ್ರತಿ ಭಾನುವಾರ ಕೋಗಿಲಿನ ನನ್ನ ಮನೆಯಿಂದ ಹೋಗಿ ನೋಡಿಕೊಂಡು ಬರುತ್ತಿದ್ದೆ. ತಾವೇ ಏನೋ ಬೇಯಿಸಿಕೊಂಡು ತಿನ್ನುತ್ತಾ ವಾರದಿಂದ ವಾರಕ್ಕೆ ಇಳಿದುಹೋಗುತ್ತಿದ್ದರು. ಒಂದು ಭಾನುವಾರ ನನ್ನೆದುರೇ ತಲೆ ಸುತ್ತಿ ಬಿದ್ದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಉಪ್ಪಿನಂಶ ತುಂಬಾ ಕಡಿಮೆ ಆಗಿದೆ. ಊಟಕ್ಕೆ ಉಪ್ಪೇ ಹಾಕ್ಕೊಳಲ್ವಾ ಇವ್ರು? ಹಿಂಗೇ ಬಿಟ್ರೆ ಜೀವಕ್ಕೇ ಕಷ್ಟ" ಎಂದರು.

ಮನೆಗೆ ಕರೆತಂದು ಉಪ್ಪಿನ ಭರಣಿ ಎತ್ತಿಕೊಂಡರೆ, ಅದಕ್ಕೆ ಕಪ್ಪು ಬಟ್ಟೆ ಸುತ್ತಿದೆ!

"ಮುಟ್ಬೇಡ! ಬೆಳಕು ಬಿದ್ರೂ ಹರಳು ಹಿಡಿದಿಟ್ಟಿರೋದು ಅಳಿಸಿಹೋಗುತ್ತೆ. ಉಪ್ಪೂ ಹರಳೇ ಕಣೋ. ನಿಮ್ ಚಿಕ್ಕಮ್ಮ ತುಂಬಿಟ್ಟಿದ್ದು."

"ಹಂಗಾದ್ರೆ ಲ್ಯಾಬಿಗೆ ಕೊಟ್ಟು ಕಾಯ್ಸಿ ನೋಡ್ಬಿಡಿ."

"ಒಂದ್ಸಲ ಕಾಯಿಸಿದ್ರೆ ಬೆಳಕು ಬಂದು ಮುಗೀತು. ಆಮೇಲೆ ಬರೀ ಉಪ್ಪು."

"ಬೇರೆ ಉಪ್ಪು ತರಬಾರ್ದಾ?"

"ಮನೇಲಿರೋದು ಮುಗೀದೆ ಹೊಸದು ತಂದ್ರೆ ಅವ್ಳು ಬೈತಿದ್ಲು."

ನಗಬೇಕೆಂದುಕೊಂಡೆ, ಆಗಲಿಲ್ಲ. ಸಿಟ್ಟು ಬಂತು. "ನೀವೂ ಹೋಗ್ಬಿಟ್ರೆ ನಾನು ಯಾರನ್ನ ನೋಡಕ್ಕೆ ಬರ್ಲಿ ಚಿಕ್ಕಪ್ಪ?" ಎಂದು ಕೂಗಿಯೇಬಿಟ್ಟೆ. ಆಮೇಲೆ ಉಪ್ಪಿಟ್ಟಿಗೆ ನೀರಿಟ್ಟೆ.

ನೀರು ಕುದಿಯುವ ಹೊತ್ತಿಗೆ ಚಿಕ್ಕಪ್ಪ ಭರಣಿ ಹಿಡಿದು ಬಂದರು. ತಾವೇ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದರು. ಕಿಟಕಿಯ ಬಿಸಿಲು ನೇರ ಅದರೊಳಗೆ ಬಿತ್ತು.

"ಎಷ್ಟು ಹಾಕ್ಬೇಕೋ?"

"ಚಿಕ್ಕಮ್ಮ ಎಷ್ಟು ಹಾಕ್ತಿದ್ರು?"

"ಗೊತ್ತಿಲ್ಲ ಕಣೋ. ಒಂದಿನಾನೂ ಕೇಳ್ಲಿಲ್ಲ ನಾನು" ಎಂದವರೇ, ಭರಣಿಯೊಳಗೆ ಇಟ್ಟ ಕೈಯನ್ನು ಹೊರಗೆ ತೆಗೆಯದೆ ಗಳಗಳನೆ ಅತ್ತರು.