ಗಂಗಾಳ ಫೋನು, ಕಾರಿನ ಬಾಯಿ

ತೊಂದರೆಯೆಲ್ಲ ಶುರುವಾದದ್ದು ವಿರೂಪಾಕ್ಷನ ನಾಚಿಕೆಯಿಂದ. ಹೆಂಡತಿ ಗಂಗಾ ಮುನಿಸಿಕೊಂಡು ರಾಮದುರ್ಗದ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. "ನಿನ್ನ ನೆನಪಾಗತೈತಿ ಅಂತ ಬಾಯಿಬಿಟ್ಟು ಒಮ್ಮೆ ಅನ್ರಿ, ಅವತ್ತ ಬರತೇನಿ" ಎಂದಿದ್ದಳು. ನೆನಪಿನ ಮಾತೇನು ಬಂತು, ಬೈಲಹೊಂಗಲದ ಮನೆಯಲ್ಲಿ ಅವನಿಗೆ ಅನ್ನವೇ ಸೇರುತ್ತಿರಲಿಲ್ಲ. ದಿನಾ ಮರೆತು ಎರಡು ತಾಟು ಹಾಕಿ ಒಂದನ್ನು ತೆಗೆದಿಡುತ್ತಿದ್ದ. ಆ ಮಾತು ಮಾತ್ರ ಗಂಟಲು ದಾಟುತ್ತಿರಲಿಲ್ಲ.

ಮುನಿದವಳನ್ನು ಕರೆತರಲು ಹಿರಿಯರು ಜೊತೆಗೆ ಬೇಕೇ ಬೇಕು. ಹೀಗಾಗಿ ಇವತ್ತು ಕಾರಿನ ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ದೇವಕ್ಕ, ಅವಳ ಗಂಡ ಅಂದಾನೆಪ್ಪ ಕುಳಿತಿದ್ದರು. ಅವರ ಕಿವಿ ತಪ್ಪಿಸಲೆಂದೇ ವಿರೂಪಾಕ್ಷ ಹೊಸ ಬ್ಲೂಟೂತ್ ಹೆಡ್‌ಸೆಟ್ ಕೊಂಡು ಸಿಕ್ಕಿಸಿಕೊಂಡಿದ್ದ.

ಮುನವಳ್ಳಿ ದಾಟುತ್ತಿದ್ದಂತೆ ಫೋನು ಬಂತು. ಕಿವಿಯಲ್ಲಿ ಮಾತಾಡಬೇಕಾದ ಗಂಗಾ ಕಾರಿನ ನಾಲ್ಕೂ ಬಾಗಿಲಿನ ಸ್ಪೀಕರಿನಿಂದ ಗುಡುಗಿದಳು. "ಹೊಂಟ್ರೀ? ಆ ಮಾತು ಅಂದ ಬರ್ರಿ!"

"ಯಾವ ಮಾತಂತಪಾ?" ದೇವಕ್ಕ ಮುಂದೆ ಬಾಗಿದಳು.

ವಿರೂಪಾಕ್ಷ ಬೆವೆತುಹೋದ. ಗಡಬಡಿಸಿ ಕಾರು ನಿಲ್ಲಿಸಿ, ಎಂಜಿನ್ ಆರಿಸದೆಯೇ ಹೆಡ್‌ಸೆಟ್ಟಿನ ಗುಂಡಿ ಒತ್ತಿದ. ನೀಲಿ ದೀಪ ಮಿನುಗಿತು. ಈಗ ಕಿವಿಗೆ ಬಂತು ಎಂದುಕೊಂಡು, ಚಾರ್ಜಿಗೆ ಹಾಕಿದ ಫೋನನ್ನು ಅಲ್ಲೇ ಬಿಟ್ಟು ದೂರದ ಜಾಲಿಗಿಡದತ್ತ ಓಡಿದ.

"ಗಂಗಾ, ನೀ ಇಲ್ಲದ ಮನಿ ಬಣಬಣ ಅಂತೈತಿ. ನಿನ್ನ ಬೈಗುಳ ಸೈತ ನೆನಪಾಗತಾವು. ಬಂದಬಿಡ..." ಆ ಕಡೆಯಿಂದ ಸದ್ದಿಲ್ಲ. ಅಳುತ್ತಿರಬೇಕು ಪಾಪ. ಅವನಿಗೂ ಕಣ್ಣು ತುಂಬಿತು. ನಗುತ್ತ, ಅಳುತ್ತ, ಎರಡು ತಿಂಗಳ ಮಾತನ್ನೆಲ್ಲ ಆಡಿ ಹಗುರಾಗಿ ಮರಳಿದ.

ಕಾರಿನಲ್ಲಿ ಇಬ್ಬರೂ ಮುಖ ಬಿಗಿದು ಕೂತಿದ್ದರು.

"ಗಂಗಾ ಇಷ್ಟೊತ್ತು ಇಲ್ಲೇ, ಕಾರಿನ್ಯಾಗ, ನಮ್ಮ ಜೋಡಿ ಮಾತಾಡಿದ್ಲೋ" ಎಂದ ಅಂದಾನೆಪ್ಪ. "ಎಲ್ಲಿ ಹೋದ್ರು ಅಂತ ಕೇಳಿದ್ಲು."

"ಇದ್ದದ್ದು ಹೇಳಿದ್ನಿ" ಎಂದಳು ದೇವಕ್ಕ. "ಗಿಡದ ಬುಡಕ ನಿಂತು, ಕಿವಿಗೆ ಅದನ್ನ ಹಾಕ್ಕೊಂಡು, ಯಾರ ಜೋಡಿನೋ ನಕ್ಕೋತ ಅಳಕೋತ ಮಾತಾಡಾಕ ಹತ್ಯಾನ ಅಂತ. 'ಹಂಗಾರ ಆಕಿನ್ನ ಕರಕೊಂಡ ಹೋಗ್ಲಿ' ಅಂದು ಫೋನ್ ಇಟ್ಲು."

"ಯವ್ವಾ! ನಾ ಗಂಗಾನ ಜೋಡೀನ ಮಾತಾಡಿದ್ದರೀ!" ವಿರೂಪಾಕ್ಷ ಸಂಕಟದಿಂದ ಕಾರಿನ ಎಂಜಿನ್ ಆರಿಸಿ, ಹೆಡ್‌ಸೆಟ್ ಕಿತ್ತು ದೇವಕ್ಕನ ಕೈಗಿಟ್ಟ. "ನೀವ ಕೇಳ್ರಿ, ಇದರಾಗ ಯಾರೂ ಇಲ್ಲ!"

ದೇವಕ್ಕ ಗುಂಡಿ ಅದುಮಿ ಕಿವಿಗಿಟ್ಟಳು. ಕಾರು ಆರಿದ್ದರಿಂದ ಫೋನು ಕಡೆಗೂ ಹೆಡ್‌ಸೆಟ್ಟಿಗೆ ಕೂಡಿಕೊಂಡಿತು. ಒಳಗಿನ ಹೆಣ್ಣುದನಿ ಬೆಲ್ಲದಂತೆ "ಕನೆಕ್ಟೆಡ್" ಎಂದಿತು. ದೇವಕ್ಕ ಬೆಚ್ಚಿಬಿದ್ದಳು.

ಅಷ್ಟರಲ್ಲಿ ಗಂಗಾಳೇ ಮತ್ತೆ ಫೋನು ಮಾಡಿದಳು; ದೇವಕ್ಕ ಮತ್ತೆ ಗುಂಡಿ ಅದುಮಿದಳು. ಈ ಸಲ ಕಾರು ತುಟಿಪಿಟಕ್ಕೆನ್ನಲಿಲ್ಲ. ಹೆಂಡತಿಯ ದನಿಯ ಒಂದು ಚೂರಾದರೂ ಸಿಕ್ಕೀತೆಂದು ವಿರೂಪಾಕ್ಷ ಹಿಂದಿನ ಸೀಟಿನತ್ತ ಬಾಗಿ ಬಾಗಿ ನೋಡಿದ. ಎಲ್ಲವೂ ದೇವಕ್ಕನ ಕಿವಿಗೇ ಹೋಗುತ್ತಿತ್ತು.

"ಹೂಂ ಗಂಗಾ, ನಾನೂ ಈಗ ಕೇಳಿದ್ನಿ" ಎಂದಳು ಅವಳು. "ದನಿ ಛಲೋ ಐತಿ ಬಿಡವಾ ಆಕೀದು."