ಮಲಗಿದ ಮುತ್ಯಾನ ಪಾಳಿ

ಎಲ್ಲರೂ ಬೇಡವೆಂದು ಬಿಟ್ಟದ್ದರಲ್ಲಿ ಏನೋ ಒಂದು ಗುಟ್ಟಿದೆ ಎಂದು ನಂಬುವ ಜನ ಕೆಲವರಿರುತ್ತಾರೆ. ನಾನು ಆ ಪಂಗಡದವನು. ಸುರಪುರದ ಸಂತೆಯಲ್ಲಿ ಮಂದಿ ಮುಟ್ಟಿ ಮುಟ್ಟಿ ಬಿಟ್ಟ ಸೊಟ್ಟ ಸೌತೆಕಾಯಿಯನ್ನೇ ಆರಿಸಿ ತರುತ್ತೇನೆ. ಒಮ್ಮೆ ಬಟ್ಟೆ ಅಂಗಡಿಯವನು ಮೂರು ವರ್ಷದಿಂದ ಕಪಾಟಿನಲ್ಲೇ ಇದ್ದ ಬದನೆಕಾಯಿ ಬಣ್ಣದ ಅಂಗಿಯೊಂದನ್ನು ಹೊರತೆಗೆದು, "ಇದು ನಿಮಗಂತ್ಲೇ ಇಟ್ಟಿದ್ದೆವ್ರಿ ಸಾಹೇಬ್ರ" ಎಂದಾಗ ನಾನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ. "ಊರ ಮಂದಿ ಒಲ್ಲೆ ಅಂದದ್ದೆಲ್ಲಾ ನಮ್ಮ ಮನಿಗೇ ಬರ್ತದ ನೋಡ್ರಿ" ಎಂದು ನನ್ನ ಹೆಂಡತಿ ಗೊಣಗುತ್ತಾಳೆ. ಎಂಟು ಮನೆಯವರು ಒಲ್ಲೆ ಅಂದ ವರನನ್ನು ಒಪ್ಪಿದವಳು ಅವಳೇ ಎಂಬುದನ್ನು ನಾನು ನೆನಪಿಸಲು ಹೋಗುವುದಿಲ್ಲ. ಸಂಸಾರ ನಡೆಯಬೇಕಲ್ಲ.

ಇಪ್ಪತ್ತೆರಡು ವರ್ಷ ಸುರಪುರದ ಒಂದೇ ಕುರ್ಚಿಯಲ್ಲಿ ಕೂತು ಗುಮಾಸ್ತಿಕೆ ಮಾಡಿದ ನನ್ನನ್ನು ಭೀಮರಾಯನಗುಡಿಯ ಕಾಲುವೆ ಕಚೇರಿಗೆ ವರ್ಗ ಮಾಡಿದರು. ಹೆಂಡತಿ ಶಾಲೆಯ ಟೀಚರಾದ್ದರಿಂದ ಸುರಪುರದಲ್ಲೇ ಉಳಿದಳು. ನಾನು ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಒಂಟಿ. ಕೆಲಸದ ಹೊತ್ತು ಹೇಗೋ ಕಳೆಯುತ್ತಿತ್ತು. ಕಷ್ಟವಿದ್ದದ್ದು ಊಟದ ಹೊತ್ತಿನಲ್ಲಿ. ಐವತ್ತು ದಾಟಿದವನು ಹೊಸ ಕಚೇರಿಗೆ ಬಂದು, ಡಬ್ಬಿ ಹಿಡಿದುಕೊಂಡು, ಯಾರ ಪಕ್ಕ ಕೂರಬೇಕೆಂದು ತಿಳಿಯದೆ ನಿಲ್ಲುವುದಿದೆಯಲ್ಲ, ಅದು ಶಾಲೆಯ ಮೊದಲ ದಿನಕ್ಕಿಂತ ಕಷ್ಟ. ಶಾಲೆಯಲ್ಲಾದರೆ ಅಳಬಹುದು. ನಾನು ಮೂರು ವಾರ ನನ್ನ ಮೇಜಿನ ಮೇಲೆಯೇ, ಫೈಲುಗಳನ್ನು ಅತ್ತ ಸರಿಸಿ, ರೊಟ್ಟಿ ಮುರಿದೆ.

ನಾಲ್ಕನೇ ವಾರ ಟೈಪಿಸ್ಟ್ ಮಲ್ಲಮ್ಮನವರು ಬಾಗಿಲಲ್ಲಿ ನಿಂತು, "ಸರ, ನಮಗ ನಾಕನೇದವ್ರು ಬೇಕಾಗ್ಯಾರ. ಡಬ್ಬಿ ತಗೊಂಡು ಬರ್ರಿ" ಎಂದರು. ನನಗಿಂತ ಆರು ವರ್ಷ ಹಿರಿಯರು. ಅವರು ಟೈಪು ಮಾಡಿದ ಕಾಗದದಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದನ್ನು ಕಂಡವರಿಲ್ಲ. ಹಿಂದಿನ ಕೋಣೆಯಲ್ಲಿ ಜೀಪಿನ ಚಾಲಕ ಖಾಜಾ ಮಿಯಾ ಮತ್ತು ಕಾಲುವೆಯ ಗೇಟು ನೋಡಿಕೊಳ್ಳುವ ಸಾಬಣ್ಣ ಕೂತಿದ್ದರು. ನಡುವೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮತ್ತು ಬಣ್ಣಬಣ್ಣದ ಕಾರ್ಡುಗಳು.

ಇಸ್ಪೀಟಲ್ಲ. ಇದನ್ನು ನನ್ನ ಹೆಂಡತಿಗೆ ಇವತ್ತಿಗೂ ನಂಬಿಸಲಾಗಿಲ್ಲ. ವರ್ಗವಾಗಿ ಹೋದ ಕಿರಿಯ ಎಂಜಿನಿಯರೊಬ್ಬರು ಎರಡು ಪೆಟ್ಟಿಗೆ ತುಂಬ ಬಿಟ್ಟುಹೋದ ಕಾರ್ಡುಗಳವು. ರಾಜ, ರಾಕ್ಷಸ, ಆನೆ, ಮಾಟಗಾತಿ, ಪ್ರತಿ ಚಿತ್ರದ ಕೆಳಗೆ ಒಂದು ಅಂಕಿ, ಒಂದು ಸಾಲು ಇಂಗ್ಲಿಷು. ಇರುವ ರಾಶಿಯಿಂದ ಪ್ರತಿಯೊಬ್ಬರೂ ತಮಗೆ ಬೇಕಾದ ನಲವತ್ತನ್ನು ಆರಿಸಿ ಒಂದು ಕಟ್ಟು ಕಟ್ಟಿಕೊಳ್ಳಬೇಕು. ಬೇಡವಾದದ್ದನ್ನು ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಳ್ಳಬಹುದು. ಆಮೇಲೆ ಇಬ್ಬಿಬ್ಬರಾಗಿ ಎದುರುಬದುರು ಕೂತು ಪಾಳಿಗೊಂದರಂತೆ ಕಾರ್ಡು ಇಳಿಸುವುದು. ದೊಡ್ಡ ಅಂಕಿ ಸಣ್ಣದನ್ನು ಹೊಡೆಯುತ್ತದೆ. ಇಪ್ಪತ್ತು ಜೀವ ಮೊದಲು ಕಳೆದುಕೊಂಡವನು ಸೋತ.

ಮೂವರೂ ಜಾಣರಂತೆ ರಾಜರನ್ನೂ ಆನೆಗಳನ್ನೂ ತುಂಬಿಕೊಂಡಿದ್ದರು. ನಾನು ನನ್ನ ಗುಣಕ್ಕೆ ತಕ್ಕಂತೆ ಪೆಟ್ಟಿಗೆಯ ತಳದಲ್ಲಿದ್ದವನ್ನು ಕೆದಕಿದೆ. ಮೊಲಗಳ ಕಟ್ಟು ಕಟ್ಟಿದೆ. ಸೋತೆ. ಬರೀ ಮಂಜು, ಹೊಗೆ, ನೆರಳುಗಳ ಕಟ್ಟು ಕಟ್ಟಿದೆ. "ಏನ್ರಿ ಸರ, ಇದರಾಗ ಹೊಡಿಯವ್ರೇ ಇಲ್ಲಲ್ಲ" ಎಂದು ಖಾಜಾ ಮಿಯಾ ಕನಿಕರದಿಂದ ಕೇಳುತ್ತಲೇ ನನ್ನನ್ನು ಮುಗಿಸಿದರು. ಒಮ್ಮೆ ಹನ್ನೆರಡು ಖಾಲಿ ಕುರ್ಚಿಗಳನ್ನು ಸೇರಿಸಿದ್ದೆ. ಆ ಕಾರ್ಡು ಏನು ಮಾಡುತ್ತದೆಂದು ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಸರ್ಕಾರಿ ನೌಕರನಾಗಿ ಖಾಲಿ ಕುರ್ಚಿಯ ಮೇಲೆ ಏನೋ ಮಮತೆ. ಹೀಗೆ ಹನ್ನೊಂದು ವಾರ ಸೋತೆ. ಹನ್ನೊಂದನೇ ವಾರದ ಶನಿವಾರ ಡಬ್ಬಿ ಮುಚ್ಚುತ್ತಾ, "ಸೋಮವಾರದಿಂದ ಟಪಾಲು ಜಾಸ್ತಿ ಅದ್ರಿ, ಬರೂದು ಆಗೂದಿಲ್ಲ" ಎಂದೆ. ಟಪಾಲು ಎಂದಿನಷ್ಟೇ ಇತ್ತು.

ಆ ಭಾನುವಾರ ಸುರಪುರದಲ್ಲಿ ಕೂತು ಕೊನೆಯ ಸಲವೆಂದು ಕಾರ್ಡುಗಳನ್ನು ಹರಡಿದಾಗ ಅವನು ಕಣ್ಣಿಗೆ ಬಿದ್ದ. ಮರದ ಕೆಳಗೆ ಬಾಯಿ ತೆರೆದು ಮಲಗಿದ ಒಬ್ಬ ಮುದುಕ. ಕ್ಯಾಂಪಿನಲ್ಲಿ ಅವನಿಗೆ 'ಮಲಗಿದ ಮುತ್ಯಾ' ಎಂದು ಹೆಸರು. ಇವನನ್ನು ಇಳಿಸಿದರೆ ಮೂರು ಜೀವ ವಾಪಸು ಬರುತ್ತವೆ, ಆದರೆ ನಿಮ್ಮ ಮುಂದಿನ ಪಾಳಿ ತಪ್ಪುತ್ತದೆ. ಪಾಳಿ ತಪ್ಪಿಸಿಕೊಳ್ಳುವ ಕಾರ್ಡು ಯಾರಿಗೆ ಬೇಕು? ನಾಲ್ಕು ಮುತ್ಯಾಗಳೂ ನನ್ನ ಹತ್ತಿರವೇ ಬಿದ್ದಿದ್ದವು. ನೋಡುತ್ತಾ ನೋಡುತ್ತಾ ನನಗೆ ಪಾಳಿ ಎಂಬ ಶಬ್ದ ಹಿಡಿಯಿತು. ನಮ್ಮ ಕಚೇರಿಯ ಅರ್ಧ ಜೀವನವೇ ಆ ಶಬ್ದದ ಮೇಲೆ ನಿಂತಿದೆ. ಇಂಥ ದಿನ ಇಂಥ ಹೊಲಕ್ಕೆ ಕಾಲುವೆ ನೀರಿನ ಪಾಳಿ. ಮೇಲಿನಿಂದಲೇ ಗೇಟು ಇಳಿಸಿ ರೈತನ ಪಾಳಿ ತಪ್ಪಿದರೆ, ತಪ್ಪಿದ ತಾಸುಗಳನ್ನು ಅವನ ಮುಂದಿನ ಪಾಳಿಗೆ ಕೂಡಿಸಿ ಕೊಡುವುದು ನಮ್ಮ ಕಡೆಯ ರೂಢಿ. ಕೊಡದಿದ್ದರೆ ರೈತರು ಕಚೇರಿಗೆ ಬಂದು ಕೂರುತ್ತಾರೆ.

ಸೋಮವಾರ ಟಪಾಲನ್ನು ಮರೆತು ಡಬ್ಬಿ ಹಿಡಿದು ಹೋದೆ. ಸಾಬಣ್ಣನ ಎದುರು ಮುತ್ಯಾನನ್ನು ಇಳಿಸಿದೆ, ಮೂರು ಜೀವ ಪಡೆದೆ, ಒಂದು ಪಾಳಿ ಸುಮ್ಮನಿದ್ದೆ. ಆಮೇಲೆ ಒಂದರ ಹಿಂದೆ ಒಂದು, ಎರಡು ಕಾರ್ಡು ಇಳಿಸಿದೆ.

"ಇದೇನ್ರಿ ಎರಡು?" ಎಂದ ಸಾಬಣ್ಣ.

"ತಪ್ಪಿದ ಪಾಳಿ ಮುಂದಿನದಕ್ಕ ಕೂಡ್ತದಪ್ಪ. ಕಾಲುವಿ ಮ್ಯಾಲಿನ ಕಾಯ್ದೆ ನಿನಗ ನಾ ಹೇಳಬೇಕೇನು?"

"ಅದು ಬಂದ್ ಆದಾಗ್ರಿ. ಮಲ್ಕೊಂಡವಂಗ ಯಾರು ಕೊಡ್ತಾರ?"

"ಅವ ತಾನಾಗೇ ಮಲ್ಕೊಂಡಿಲ್ಲ. ಮ್ಯಾಲಿಂದ ಆರ್ಡರ್ ಬಂದದ, ಕಾರ್ಡಿನ್ಯಾಗ ಬರದಾರ. ಅಂದ್ರ ಬಂದ್ ಆದಂಗೇ ಲೆಕ್ಕ."

ಸಾಬಣ್ಣ ಮಲ್ಲಮ್ಮನವರ ಮುಖ ನೋಡಿದ. ಮಲ್ಲಮ್ಮನವರು ಖಾಜಾ ಮಿಯಾರ ಮುಖ ನೋಡಿದರು. ಖಾಜಾ ಮಿಯಾ ರೊಟ್ಟಿಯನ್ನು ನೋಡಿದರು. ಕೊನೆಗೆ ಮಲ್ಲಮ್ಮನವರು, "ಸರ ಹೇಳೂದು ಕಾಯ್ದೆ ಪ್ರಕಾರ ಬರೋಬ್ಬರಿ ಅದ" ಎಂದು ತೀರ್ಪು ಕೊಟ್ಟರು. ನನ್ನ ವಾದಕ್ಕೆ ಮೂವರೂ ಬೆರಗಾಗಿದ್ದಾರೆಂದು ನಾನು ಅರ್ಥಮಾಡಿಕೊಂಡೆ.

ಆ ದಿನ ಗೆದ್ದೆ. ಮರುವಾರವೂ ಗೆದ್ದೆ. ಗೆಲುವು ಮನುಷ್ಯನನ್ನು ಎಷ್ಟು ಬೇಗ ಕೆಡಿಸುತ್ತದೆಂದರೆ, ನಾನು ಸಾಬಣ್ಣನಿಗೆ ಆಟ ಕಲಿಸಲು ಶುರುಮಾಡಿದೆ. "ಮಂದಿ ಬಿಟ್ಟ ಕಾರ್ಡ್ ನೋಡಬೇಕಪ್ಪ, ಅದರಾಗ ಅದ ಮಜಾ" ಎಂದು ರೊಟ್ಟಿ ಅಗಿಯುತ್ತಾ ಉಪದೇಶ ಕೊಡುತ್ತಿದ್ದೆ. ಅವನು ಹೌದ್ರಿ, ಹೌದ್ರಿ ಎನ್ನುತ್ತಾ ನನಗೆ ಹಿಂಡಿ ಬಡಿಸುತ್ತಿದ್ದ.

ಅಷ್ಟರಲ್ಲಿ ಯಾದಗಿರಿಯ ಆಟಿಕೆ ಅಂಗಡಿಯೊಂದರಲ್ಲಿ ಈ ಕಾರ್ಡುಗಳದೇ ಜೋಡಿ ಸ್ಪರ್ಧೆಯಿದೆ ಎಂಬ ಸುದ್ದಿ ಬಂತು. ಜೋಡಿಯಲ್ಲಿ ಇಬ್ಬರೂ ಗೆದ್ದರೆ ಮಾತ್ರ ಮುಂದಿನ ಸುತ್ತು. ಮಲ್ಲಮ್ಮನವರಿಗೆ ಇದು ಬಹಳ ದಿನದ ಆಸೆ. ಮೂವತ್ತು ವರ್ಷ ಬೇರೆಯವರ ಕಾಗದ ಟೈಪು ಮಾಡಿದ ಕೈ ಒಮ್ಮೆ ತನ್ನದೇ ಕೆಲಸಕ್ಕೆ ಹೆಸರಾಗಬೇಕು ಎಂದು ನಗುತ್ತಲೇ ಹೇಳಿದ್ದರು. ಮುಂದಿನ ಬೇಸಿಗೆಗೆ ಅವರ ನಿವೃತ್ತಿ. ಜೋಡಿಗೆ ಖಾಜಾ ಮಿಯಾರನ್ನು ಕರೆಯಬಹುದಿತ್ತು, ಆದರೆ ಅವರಿಗೆ ಅಂದು ಜೀಪಿನ ಡ್ಯೂಟಿ. ಸಾಬಣ್ಣ ಗೇಟು ಬಿಟ್ಟು ಬರುವಂತಿಲ್ಲ. ನನ್ನನ್ನು ಕರೆದರು. ಕರೆಯುವಾಗಲೇ, "ಸರ, ಒಂದ್ ಮಾತು. ಯಾದಗಿರಿಗೆ ಬರಬೇಕಾದ್ರ ಮುತ್ಯಾಗ ಮನ್ಯಾಗ ಬಿಟ್ಟು ಬರ್ರಿ. ನಾಕು ಆನಿ ನಾ ಕೊಡ್ತೀನಿ" ಎಂದರು. ಆಗಲಿ ಎಂದೆ. ನನ್ನ ಗುಟ್ಟಿನ ಅಸ್ತ್ರದ ಮೇಲೆ ಇವರಿಗೂ ಹೊಟ್ಟೆಕಿಚ್ಚು ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆನೆಗಳನ್ನು ಕ್ವಾರ್ಟರ್ಸಿನಲ್ಲಿ ಬಿಟ್ಟೆ, ನಾಲ್ಕೂ ಮುತ್ಯಾಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿದೆ. ಹೆಂಡತಿಗೆ ಫೋನಿನಲ್ಲಿ, ಭಾನುವಾರ ಕಚೇರಿ ಕೆಲಸ ಎಂದು ಹೇಳಿದ್ದೆ.

ಮಲ್ಲಮ್ಮನವರು ತಮ್ಮ ಆಟವನ್ನು ಕಾಲು ತಾಸಿನಲ್ಲಿ ಗೆದ್ದು, ನನ್ನ ಬೆನ್ನ ಹಿಂದೆ ಬಂದು ನಿಂತರು. ನನ್ನೆದುರು ಇದ್ದವಳು ಡಿಗ್ರಿ ಓದುವ ಹುಡುಗಿ, ಬಹಳ ಮರ್ಯಾದೆಯವಳು. ನನಗೆ ಉಳಿದದ್ದು ಐದು ಜೀವ, ಅವಳಿಗೆ ಆರು. ಇದೇ ಹೊತ್ತೆಂದು ಮುತ್ಯಾನನ್ನು ಇಳಿಸಿದೆ. ಎಂಟು ಜೀವವಾಯಿತು. ಹಿಂದಿನಿಂದ ಮಲ್ಲಮ್ಮನವರು "ಅಯ್ಯ ಶಿವನೇ" ಎಂದದ್ದು ಕೇಳಿಸಿತು. ಅವಳೊಂದು ಕಾರ್ಡು ಇಳಿಸಿದಳು, ನಾನು ಗಂಭೀರವಾಗಿ ಸುಮ್ಮನಿದ್ದೆ. ಅವಳು ಇನ್ನೊಂದು ಇಳಿಸಿದಳು. ಆಮೇಲೆ ನಾನು ಎರಡು ಕಾರ್ಡು ಎತ್ತಿದೆ.

"ಅಂಕಲ್, ಒಂದೇರಿ" ಎಂದಳು.

ನಾನು ಅವಳಿಗೆ ಕಾಲುವೆ, ಗೇಟು, ತಪ್ಪಿದ ತಾಸು ಎಲ್ಲವನ್ನೂ ವಿವರಿಸಿದೆ. ಸುತ್ತ ಜನ ಸೇರಿದರು. ಅವಳು ಪೂರ್ತಿ ಕೇಳಿಸಿಕೊಂಡು, "ಅಂಕಲ್, ನಮ್ಮ ಅಪ್ಪಂದೂ ಕಾಲುವಿ ಹೊಲ ಅದರಿ. ಆದ್ರ ಇದು ಕಾರ್ಡ್ರಿ" ಎಂದಳು. ಅಂಗಡಿಯವನು ನಿಯಮದ ಪುಸ್ತಕ ತಂದು ತೋರಿಸಿದ. ತಪ್ಪಿದ ಪಾಳಿ ತಪ್ಪಿದ್ದೇ. ಎರಡು ನಿಮಿಷದಲ್ಲಿ ನಾನು ಮುಗಿದೆ. ತಮ್ಮ ಆಟ ಗೆದ್ದಿದ್ದ ಮಲ್ಲಮ್ಮನವರೂ ನನ್ನೊಂದಿಗೆ ಮುಗಿದರು.

ಶಹಾಪುರದ ಬಸ್ಸು ಹತ್ತಿದೆವು. ಮುದನಾಳ ದಾಟಿದ ಮೇಲೆ ನಾನೇ, "ತಪ್ಪಾತ್ರಿ ಮಲ್ಲಮ್ಮಕ್ಕ. ಕಾರ್ಡಿನ ಅರ್ಥ ನನಗ ತಿಳೀಲಿಲ್ಲ" ಎಂದೆ.

"ನಮಗ ಮೊದಲ ದಿನಾನೇ ತಿಳಿದಿತ್ರಿ" ಎಂದರು ಅವರು, ಕಿಟಕಿಯ ಕಡೆ ನೋಡುತ್ತಾ. "ಪುಸ್ತಕ ನನ್ನ ಡ್ರಾವರ್‌ನ್ಯಾಗೇ ಅದ."

"ಮತ್ತ ಹೇಳಬೇಕಿಲ್ರಿ?"

"ಹೇಳಿದ್ರ ಮರುದಿನ ನೀವು ಊಟಕ್ಕ ಬರ್ತಿದ್ದಿಲ್ಲ. ಹನ್ನೊಂದು ವಾರ ಸೋತ ಮನಷ್ಯಾ. ಸಾಬಣ್ಣನೂ ಅಂದ, ಇರ್ಲಿ ಬಿಡ್ರಿ ಅಕ್ಕಾ, ಒಂದು ಕಾರ್ಡಿಗೆ ಯಾಕ ಕಳಕೊಳ್ಳೂದು ಅವರನ್ನ ಅಂತ." ಆಮೇಲೆ ನನ್ನ ಕಡೆ ತಿರುಗಿ, "ಯಾದಗಿರಿಗೆ ಮಾತ್ರ ತರಬ್ಯಾಡ್ರಿ ಅಂದಿದ್ದೆ" ಎಂದರು. ದನಿಯಲ್ಲಿ ಸಿಟ್ಟಿತ್ತು. ಇರಬೇಕಾದ ಸಿಟ್ಟೇ.

ನನ್ನ ಬುದ್ಧಿಯಿಂದ ಗೆದ್ದೆನೆಂದುಕೊಂಡ ವಾರಗಳೆಲ್ಲ ಮೂರು ಜನ ಮಾತಾಡಿಕೊಂಡು ನನಗೆ ಕೊಟ್ಟವು. ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ದೊಡ್ಡದು ಇನ್ನೊಂದಿತ್ತು. ಹೆಂಡತಿಯೊಬ್ಬಳನ್ನು ಬಿಟ್ಟರೆ, ನನ್ನನ್ನು ಕಳೆದುಕೊಳ್ಳಬಾರದೆಂದು ಯಾರಾದರೂ ಯೋಚಿಸಿದ್ದು ನನಗೆ ಗೊತ್ತಿರಲಿಲ್ಲ. ಅವರ ಋಣ ದೊಡ್ಡದು. ಕೈ ಮುಗಿದೆ. "ಬಸ್ಸಿನ್ಯಾಗ ಕೈ ಮುಗೀತಾರೇನ್ರಿ, ಸರಿಯಾಗಿ ಹಿಡಕೋರಿ" ಎಂದು ಮಲ್ಲಮ್ಮನವರು ಗದರಿದರು.

ಸೋಮವಾರ ನಾಲ್ಕೂ ಮುತ್ಯಾಗಳನ್ನು ಕಟ್ಟಿನಿಂದ ತೆಗೆದು ಪೆಟ್ಟಿಗೆಗೆ ಹಾಕಿ, ಮಲ್ಲಮ್ಮನವರ ಆನೆಗಳನ್ನು ಸೇರಿಸಿಕೊಂಡು ಪ್ರಾಮಾಣಿಕ ಮನುಷ್ಯನಾಗಿ ಸಾಬಣ್ಣನ ಎದುರು ಕೂತೆ. ಆನೆ ಎಂದರೆ ಆನೆಯೇ. ಸಾಬಣ್ಣನಿಗೆ ಎರಡೇ ಜೀವ ಉಳಿದವು. ಆಗ ಅವನು ತನ್ನ ಕಟ್ಟಿನಿಂದ ಮೆಲ್ಲಗೆ ಒಂದು ಕಾರ್ಡು ಇಳಿಸಿದ. ಮಲಗಿದ ಮುತ್ಯಾ. ಬೆಳಿಗ್ಗೆಯೇ ಪೆಟ್ಟಿಗೆಯಿಂದ ಎತ್ತಿಕೊಂಡಿದ್ದನಂತೆ. ಮೂರು ಜೀವ ಪಡೆದ, ಒಂದು ಪಾಳಿ ರೊಟ್ಟಿ ತಿಂದ, ಆಮೇಲೆ ಎರಡು ಕಾರ್ಡು ಎತ್ತಿದ.

"ಏ ಸಾಬಣ್ಣ, ಅದು ಹಾಂಗಲ್ಲ!" ಎಂದು ನಾನು ಎದ್ದೇಬಿಟ್ಟೆ. "ಪುಸ್ತಕದಾಗ ಸಾಫ್ ಬರದಾರ. ಮಲ್ಲಮ್ಮಕ್ಕ, ಡ್ರಾವರ್ ತಗೀರಿ!"

ಮೂವರೂ ಊಟ ನಿಲ್ಲಿಸಿ ನನ್ನನ್ನೇ ನೋಡಿದರು.

"ಕೀಲಿ ಕಳದದರಿ ಸರ" ಎಂದರು ಮಲ್ಲಮ್ಮನವರು.